ಮರುವಾಯಿ ಬಕೆಟ್ಟಿನಲ್ಲಿ ಬಂದದ್ದು

ಯುದ್ಧ ಮುಗಿದು, ಊರಿಗೆ ಓಡಿಹೋಗಿದ್ದವರು ಒಬ್ಬೊಬ್ಬರಾಗಿ ಕುವೈತಿಗೆ ಮರಳುತ್ತಿದ್ದ ತೊಂಬತ್ತೊಂದನೇ ಇಸವಿಯ ಮಾತು. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಅಬು ಹಲೀಫಾದಲ್ಲಿ ನಡು ಮಧ್ಯಾಹ್ನವೂ ಮುಸ್ಸಂಜೆಯ ಹಾಗಿರುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು. ಅದನ್ನೆಲ್ಲ ಜನ ಹೇಗೋ ಸಹಿಸಿಕೊಂಡರು. ನಮ್ಮ ಕರಾವಳಿಯವರಿಗೆ ಸಹಿಸಲಾಗದೆ ಹೋದದ್ದು ಮೀನಿಲ್ಲದ ಊಟ.

ಕುಸುಮಾವತಿಯ ಮನೆಯಲ್ಲೂ ಅದೇ ರಾಗ. ಗಂಡ ಸೇಸಪ್ಪ ಹೋಟೆಲಿನಲ್ಲಿ ಅಡುಗೆಯವನು, ಉಳ್ಳಾಲದ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವನು. ಈಗಲೂ ಕಿಟಕಿ ತೆರೆದರೆ ಕಡಲು. ಆದರೆ ಮರಳಿನ ಉದ್ದಕ್ಕೂ ಕೆಂಪು ಪಟ್ಟಿ ಎಳೆದಿದ್ದರು. ಮೀನು ಬೇಕಾದವರು ಕಲ್ಲುಕಟ್ಟೆಯ ಮೇಲೆ ನಿಂತು ಗಾಳ ಹಾಕಬಹುದು. ಬಲೆ ಬೀಸುವಂತಿಲ್ಲ, ನೀರಿಗೆ ಇಳಿಯುವಂತಿಲ್ಲ, ಚಿಪ್ಪು ಹೆಕ್ಕುವಂತಿಲ್ಲ. ಇದನ್ನು ನೋಡಿಕೊಳ್ಳಲು ಆ ನಾಡಿನವನೇ ಆದ ಒಬ್ಬ ಮುದಿ ಕಾವಲುಗಾರ ಜೀಪಿನಲ್ಲಿ ಸುತ್ತುತ್ತಿದ್ದ. ಒಮ್ಮೆ ಅವನು ಸೇಸಪ್ಪನ ಬೀಸುಬಲೆ ಕಿತ್ತುಕೊಂಡು, ಇಕಾಮಾದ ನಂಬರ್ ಬರೆದುಕೊಂಡಿದ್ದ. "ಇನ್ನೊಮ್ಮೆ ಕಂಡರೆ ನಿನ್ನ ಕಫೀಲನ ಹತ್ತಿರ ಮಾತು," ಎಂದಿದ್ದ. ಕೆಲಸಕ್ಕೆ ಕರೆಸಿ ಹೊಣೆ ಹೊತ್ತ ಕಫೀಲ ಕೈಬಿಟ್ಟರೆ ವಾಸದ ಪರವಾನಗಿಯಾದ ಇಕಾಮಾ ಇಲ್ಲ, ಇಕಾಮಾ ಇಲ್ಲದಿದ್ದರೆ ಈ ದೇಶದಲ್ಲಿ ನಿಲ್ಲುವಂತಿಲ್ಲ.

ಅಂದಿನಿಂದ ಸೇಸಪ್ಪನಿಗೆ ಆ ಮುದುಕನೆಂದರೆ ಉರಿ.

"ಕಡಲೆಂತ ಅವನಪ್ಪನದ್ದಾ?" ಎಂದ ಒಂದು ಸಂಜೆ. "ಕೈಗೊಂದು ಕೋಲು ಕೊಟ್ರೆ ಸಾಕು, ಇಡೀ ಕಡಲು ಅವನದ್ದೇ."

ಮೇಲಿನ ಮಹಡಿಯ ಕಾರ್ಮೆಲ್ ಬಾಯಿ ಚಹಾ ಕುಡಿಯುತ್ತ ಕೂತಿದ್ದಳು. ಆಸ್ಪತ್ರೆಯಲ್ಲಿ ನರ್ಸ್. ಯುದ್ಧದಲ್ಲಿ ಸೈನಿಕರು ಕಡಲ ಬದಿಯ ಮರಳಲ್ಲಿ ಹೂತುಹೋದ ನೆಲಬಾಂಬುಗಳ ಚಿತ್ರವಿದ್ದ ಕಾಗದವೊಂದನ್ನು ತಂದು ಇವರ ಫ್ರಿಜ್ಜಿಗೆ ಅಂಟಿಸಿದವಳೂ ಅವಳೇ.

"ಸೇಸಪ್ಪಣ್ಣ, ಅವನು ಕಾಯುದು ಕಡಲನ್ನಲ್ಲ, ನಿಮ್ಮ ಕಾಲನ್ನು," ಎಂದಳು. "ನಮ್ಮ ವಾರ್ಡಿಗೆ ಬಂದು ನೋಡಿ. ಬೀಚಿಗೆ ಹೋದವರೇ ಎಷ್ಟು ಜನ ಮಲಗಿದ್ದಾರೆ."

"ಅದು ಒಣ ಮರಳಲ್ಲಿ ನಡೆದವರು. ನೀರೊಳಗೆ ಎಂತ ಉಂಟು? ಇಷ್ಟು ತಿಂಗಳ ತೆರೆಗೆ ಎಲ್ಲ ಕೊಚ್ಚಿಹೋಗಿರ್ತದೆ."

"ಕೊಚ್ಚಿಕೊಂಡು ಎಲ್ಲಿಗೆ ಹೋಗಿರ್ತದೆ ಅಂತ ನಿಮ್ಗೆ ಗೊತ್ತುಂಟಾ? ತೆರೆ ಎತ್ತಿಕೊಂಡು ಹೋದದ್ದನ್ನು ತಂದೂ ಹಾಕ್ತದೆ. ನಿನ್ನೆ ಇಲ್ಲದ ಕಡೆ ಇವತ್ತು ಇರ್ತದೆ. ಅದಕ್ಕೇ ಪಟ್ಟಿ ತೆಗೀಲಿಕ್ಕೆ ಬಿಡುದಿಲ್ಲ ಅವರು."

"ನನ್ನ ಕಾಲಿಗೆ ಕಣ್ಣುಂಟು ಮಾರಾಯ್ತಿ. ಕಡಲಡಿಯಲ್ಲಿ ಏನಿದ್ರೂ ಗೊತ್ತಾಗ್ತದೆ."

ಕುಸುಮಾವತಿ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆದರೆ ಆ ದಿನದಿಂದ ಗಂಡ ಚಪ್ಪಲಿ ಮೆಟ್ಟಿದ ಸದ್ದಾದರೆ ಸಾಕು, ಅವಳು ಕಿಟಕಿಗೆ ಬಂದು ನಿಲ್ಲುತ್ತಿದ್ದಳು.

ಒಂದು ಶುಕ್ರವಾರ ಅವಳು ಸ್ನಾನ ಮುಗಿಸಿ ಬರುವಾಗ ಗಂಡನೂ ಇಲ್ಲ, ಬಕೆಟ್ಟೂ ಇಲ್ಲ. ಮಸೀದಿಯಿಂದ ಕರೆ ಕೇಳುತ್ತಿತ್ತು. ಕಾವಲುಗಾರ ನಮಾಜಿಗೆ ಹೋಗುವ ಹೊತ್ತು, ನೀರೂ ಇಳಿದಿತ್ತು. ಅವಳಿಗೆ ಎಲ್ಲ ಅರ್ಥವಾಯಿತು. ಮಗಳನ್ನು ಬಿಟ್ಟು ಓಡುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಕಿಟಕಿಗೂ ಬಾಗಿಲಿಗೂ ಅಲೆದಳು. ಹೊಗೆಯಲ್ಲಿ ಕಡಲು ಕಾಣಿಸಲಿಲ್ಲ. ದೂರದಲ್ಲಿ ಲಾರಿಯ ಹಲಗೆ ಬಿದ್ದ ಸದ್ದಾದರೂ ಬಾಗಿಲು ತೆರೆದು ಕಿವಿಗೊಡುತ್ತಿದ್ದಳು.

ಸೇಸಪ್ಪ ನಗುತ್ತಲೇ ಬಂದ. ಸೊಂಟದವರೆಗೆ ಒದ್ದೆ. ಬಕೆಟ್ ತುಂಬ ಮರುವಾಯಿ, ಆ ಕಪ್ಪು ಪಟ್ಟೆಯ ಚಿಪ್ಪುಮೀನು.

"ನೋಡು, ಎರಡು ಕಾಲೂ ಉಂಟಾ ಇಲ್ವಾ? ಬೇಕಾದ್ರೆ ಮುಟ್ಟಿ ನೋಡು. ತೆಂಗಿನಕಾಯಿ ತುರಿ ಇನ್ನು."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಬಾಯಲ್ಲಿ ನೀರೂ ಬಂತು, ಸುಳ್ಳೇಕೆ.

ಮರುವಾಯಿ ಹೆಕ್ಕುವ ಕ್ರಮ ನಮ್ಮವರಿಗೆ ಗೊತ್ತಿದ್ದದ್ದೇ. ಸೊಂಟಮಟ್ಟ ನೀರಿನಲ್ಲಿ ನಿಂತು ಹಿಮ್ಮಡಿ ತಿರುಗಿಸುತ್ತ ಮರಳು ಕೆದಕುವುದು. ಗಟ್ಟಿ ಏನಾದರೂ ತಾಗಿದರೆ ಕಾಲ್ಬೆರಳಲ್ಲಿ ಹಿಡಿದೆತ್ತಿ, ಕೈಗೆ ತಂದು, ಸೊಂಟದ ಚೀಲಕ್ಕೆ ಹಾಕುವುದು. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ದಡಕ್ಕೆ ಬಂದು ಚೀಲವನ್ನು ಬಕೆಟ್ಟಿಗೆ ಸುರಿದರೆ ಮುಗಿಯಿತು. ಸೇಸಪ್ಪನೂ ಹಾಗೇ ಸುರಿದಿದ್ದ. ಕಾವಲುಗಾರ ಬರುವ ಮೊದಲು ಮನೆ ಸೇರಬೇಕೆಂಬ ಅವಸರದಲ್ಲಿ ಅತ್ತಿತ್ತ ನೋಡಿದನೇ ಹೊರತು ಬಕೆಟ್ಟಿನೊಳಗೆ ನೋಡಲಿಲ್ಲ.

ಕುಸುಮಾವತಿ ಕಾಯಿ ಒಡೆಯಲು ಕತ್ತಿ ಹುಡುಕುತ್ತಿದ್ದಳು. ಬಕೆಟ್ಟಿನ ಪಕ್ಕ ಮಗಳು ಅಕ್ಷಯಾ ಕುಕ್ಕರಗಾಲಲ್ಲಿ ಕೂತು ಚಿಪ್ಪುಗಳನ್ನು ಒಂದೊಂದಾಗಿ ಬದಿಗೆ ಸರಿಸುತ್ತಿದ್ದಳು.

"ಅಮ್ಮಾ, ದಿಸ್ ವನ್ ಈಸ್ ವೆರಿ ಬಿಗ್. ಇಟ್ಸ್ ನಾಟ್ ಓಪನಿಂಗ್."

ಕುಸುಮಾವತಿ ತಿರುಗಿ ನೋಡಿದಳು. ಚಿಪ್ಪುಗಳ ನಡುವೆ ದುಂಡಗಿನದೊಂದು ಕೂತಿತ್ತು. ಮಣ್ಣಿನ ಬಣ್ಣ, ಅಂಚಿನ ಸುತ್ತ ಗೆರೆ, ಮೇಲೆ ಸ್ವಲ್ಪ ಪಾಚಿ. ಮಗುವಿನ ಬೆರಳು ಅದರ ಮೇಲಿತ್ತು. ಫ್ರಿಜ್ಜಿನ ಮೇಲಿನ ಕಾಗದದಲ್ಲಿ ಇದ್ದದ್ದು ಅದೇ.

ಅವಳು ಕೂಗಲಿಲ್ಲ. ಕೂಗಿದರೆ ಮಗು ಬೆಚ್ಚುತ್ತದೆ.

"ಅಕ್ಷಯಾ, ಕೈ ಮೆಲ್ಲ ತೆಗಿ ಪುಟ್ಟ. ಹಾಂ, ಹಾಗೆ. ಕಾರ್ಮೆಲ್ ಆಂಟಿ ಕರೀತಿದ್ದಾರೆ, ಹೋಗು. ಮೆಟ್ಟಿಲು ಮೆಲ್ಲ ಹತ್ತು."

ಮಗು ಹೊರಗೆ ಹೋಯಿತು.

"ಎಂತ ಅದು? ಪಾಲಿಶ್ ಡಬ್ಬಿ ಇರ್ಬೇಕು," ಎಂದು ಸೇಸಪ್ಪ ಬಗ್ಗಿದ.

"ಮುಟ್ಟಬೇಡಿ. ಆ ಚಿತ್ರ ನೋಡಿ."

ಅವನು ಚಿತ್ರ ನೋಡಿದ, ಬಕೆಟ್ ನೋಡಿದ. ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಪಿಸುಗುಟ್ಟಿದ, "ಬಕೆಟ್ ಸಮೇತ ಹಿಡ್ಕೊಂಡು ಹೋಗಿ ಕಡಲಿಗೇ ಹಾಕಿ ಬರ್ತೇನೆ. ಯಾರಿಗೂ ಗೊತ್ತಾಗುದಿಲ್ಲ."

"ಮೆಟ್ಟಿಲಲ್ಲಿ ಕಾಲು ಜಾರಿದ್ರೆ? ದಾರಿಯಲ್ಲಿ ಮಕ್ಕಳು ಆಡ್ತಿದ್ದಾರೆ."

"ಆ ಮುದುಕನಿಗೆ ಗೊತ್ತಾದ್ರೆ ಇಕಾಮಾ ಖಲಾಸ್, ಕುಸುಮ. ಈಗ ತಾನೇ ಬಂದದ್ದು. ಪುನಃ ಊರಿಗೆ ಹೋಗುದಾ?"

"ಇಕಾಮಾ ಹೋದ್ರೆ ಊರಿಗೆ ಮೂರು ಜನ ಹೋಗ್ತೇವೆ," ಎಂದಳು ಅವಳು. "ಇದು ಒಡೆದ್ರೆ ಹೋಗ್ಲಿಕ್ಕೆ ಯಾರಿರ್ತಾರೆ?"

ಅವನು ಮತ್ತೆ ಬಕೆಟ್ಟಿನ ಹತ್ತಿರ ಹೋಗಲಿಲ್ಲ. ಇಬ್ಬರೂ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದರು. ಸುದ್ದಿ ಕೇಳಿದ ಕಾರ್ಮೆಲ್ ಪ್ರತಿ ಬಾಗಿಲು ಬಡಿದು ಜನರನ್ನು ಇಳಿಸಿದಳು. ಅನ್ನಕ್ಕೆ ಇಟ್ಟವರು ಗ್ಯಾಸ್ ಆರಿಸಿ ಬಂದರು, ನಮಾಜು ಮುಗಿಸಿ ಬಂದವರು ಬೀದಿಯಲ್ಲೇ ನಿಂತರು. ಕುಸುಮಾವತಿ ಬರಿಗಾಲಲ್ಲಿ ಓಡಿದಳು. ಜೀಪು ಕಲ್ಲುಕಟ್ಟೆಯ ಬಳಿ ನಿಂತಿತ್ತು.

ಕಾವಲುಗಾರನಿಗೆ ಹಿಂದಿ ತಕ್ಕಮಟ್ಟಿಗೆ ಬರುತ್ತಿತ್ತು. ಅವಳು ಹೇಳಿದ್ದನ್ನು ಕೇಳಿ ಮೊದಲು ವೈರ್‌ಲೆಸ್‌ನಲ್ಲಿ ಮಾತಾಡಿದ. ಆಮೇಲೆ ಕೇಳಿದ, "ಕೌನ್ ಲಾಯಾ?"

ಮಕ್ಕಳು ತಂದರು ಎನ್ನಬಹುದಿತ್ತು. ಮೆಟ್ಟಿಲ ಬಳಿ ಸಿಕ್ಕಿತು ಎನ್ನಬಹುದಿತ್ತು.

"ಮೇರಾ ಆದ್ಮಿ," ಎಂದಳು. "ಪಾನೀ ಮೇ ಸೇ." ಗಂಡನಿಂದ ಕೇಳಿ ತಿಳಿದಿದ್ದ ನೀರಿನ ಜಾಗವನ್ನೂ ಕೈ ಮಾಡಿ ತೋರಿಸಿದಳು. ಅಲ್ಲಿ ಇನ್ನೂ ಇರಬಹುದಲ್ಲ.

ಬಾಂಬು ತೆಗೆಯುವ ದಪ್ಪ ಅಂಗಿಯವರು ಬಂದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅಕ್ಷಯಾಳನ್ನು ಎತ್ತಿಕೊಂಡ ಸೇಸಪ್ಪನ ಒದ್ದೆ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವರು ಒಂದು ಪೆಟ್ಟಿಗೆ ಹೊತ್ತು, ಹಾಲು ತುಂಬಿದ ಪಾತ್ರೆ ಹೊತ್ತವರ ಹಾಗೆ ನಡೆದು ಹೋದರು. ದೂರದ ಬಯಲಿನಿಂದ ಧಡ್ ಎಂದು ಕೇಳಿತು. ಇಡೀ ಕಟ್ಟಡದ ಗಾಜುಗಳು ಅದುರಿದವು.

ಸೇಸಪ್ಪ ತಾನಾಗಿಯೇ ಕಾವಲುಗಾರನ ಮುಂದೆ ಇಕಾಮಾ ಹಿಡಿದ. ಕಾಲಡಿ ಅದು ಯಾಕೆ ಸಿಡಿಯಲಿಲ್ಲ ಎಂದು ಕೇಳಿದ.

"ಅಲ್ಲಾನಿಗೇ ಗೊತ್ತು. ಬಾಂಬು ತೆಗೆದವರಿಗೂ ಗೊತ್ತಿಲ್ಲವಂತೆ," ಎಂದ ಮುದುಕ. "ನಿನ್ನ ಬಲೆ ಕಿತ್ತುಕೊಂಡದ್ದು ಮೀನಿಗೋಸ್ಕರ ಅಂದುಕೊಂಡೆಯಾ? ಬಲೆಗೆ ಅಡಿಯಲ್ಲಿ ಬಿದ್ದದ್ದೆಲ್ಲ ಬರುತ್ತದೆ. ಕಫೀಲನಿಗೆ ಹೇಳಲೇಬೇಕು, ನನ್ನ ಕೆಲಸ ಅದು. ನಿನ್ನ ಹೆಂಡತಿ ಓಡಿ ಬಂದು ತಿಳಿಸಿದ್ದನ್ನೂ ಹೇಳುತ್ತೇನೆ."

ಕಫೀಲ ಕರೆಸಿ ಚೆನ್ನಾಗಿ ಬೈದ. ಇಕಾಮಾ ಉಳಿಯಿತು. ಸೇಸಪ್ಪ ಮರುವಾಯಿ ಹೆಕ್ಕಿದ್ದ ಜಾಗದಲ್ಲಿ ಅಂಥದ್ದೇ ಇನ್ನೂ ಸಿಕ್ಕಿದವು ಎಂಬ ಸುದ್ದಿ ಬಂದ ದಿನ ಅವನು ಊಟ ಮಾಡಲಿಲ್ಲ. ಈಗ ಊರಿಂದ ಬಂದ ಹೊಸಬರು "ಮರುವಾಯಿಗೆ ಹೋಗುವನಾ ಸೇಸಪ್ಪಣ್ಣ?" ಎಂದು ಕೇಳಿದರೆ, "ನನ್ನ ಕಾಲಿಗೆ ಕಣ್ಣಿಲ್ಲ ಮಾರಾಯ. ನಿನ್ನ ಕಾಲಿಗೂ ಇಲ್ಲ. ಕೂತ್ಕೊ, ಬೇಳೆಸಾರು ಅನ್ನ ಉಣ್ಣು," ಎನ್ನುತ್ತಾನೆ.

ಫಿಂಟಾಸಿನಲ್ಲೋ ಅಬು ಹಲೀಫಾದಲ್ಲೋ ಕಡಲ ಬದಿಯಲ್ಲಿ ವಾಸವಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಕೆಂಪು ಪಟ್ಟಿ ದಾಟಬೇಡಿ. ಗಾಳಿಗೆ ಪಟ್ಟಿ ಹರಿದು ಬಿದ್ದಿದ್ದರೂ ದಾಟಬೇಡಿ. ಕಾವಲುಗಾರ ಕಾಣದಿದ್ದರೆ ದಾರಿ ತೆರೆದಿದೆ ಎಂದು ತಿಳಿಯಬೇಡಿ. ಮೀನಿನ ಆಸೆಯಿದ್ದರೆ ಕಟ್ಟೆಯ ಮೇಲೆ ನಿಂತು ಗಾಳ ಹಾಕಿ. ಗುರುತಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಎತ್ತಬೇಡಿ, ಎಸೆಯಬೇಡಿ; ಎಲ್ಲರನ್ನೂ ದೂರ ಕಳಿಸಿ, ಕಾವಲಿನವರಿಗೆ ತಿಳಿಸಿ. ನಿಯಮ ಮೀರಿ ತಂದದ್ದಾದರೂ ಮುಚ್ಚಿಡಬೇಡಿ. ಬೈಗುಳ ತಿಂದು ಮನೆಗೆ ಬರಬಹುದು. ನೀವು ಬರುವುದನ್ನು ಕಾಯುತ್ತ ಕಿಟಕಿಯಲ್ಲಿ ಒಬ್ಬರು ನಿಂತಿದ್ದಾರೆ.