ಗಂಟು ಬಿಗಿಯುವ ಪುಡಿ

ಸಿಂಧನೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶಾಹೀಸ್ತಾ ಬಯಾಪ್ಸಿ ವರದಿ ಮಡಚಿಟ್ಟರು. "ಗ್ಯಾನಮ್ಮ, ಇದು ಬರೇ ಹುಣ್ಣಲ್ಲ. ಹೊಟ್ಟಿ ಕ್ಯಾನ್ಸರ್. ಆಪರೇಶನ್ ಮಾಡಬೇಕಾಗ್ತದ."

"ಯಾಕ ಬಂತ್ರಿ ಅವ್ವಾ? ಖಾರ ಜಾಸ್ತಿ ತಿಂದೀನೇನು?"

ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗ ಬೀರಲಿಂಗ ಚೀಲ ಅವಚಿಕೊಂಡ. ಅದರೊಳಗೆ ಅವನು ಮಾರುವ ಪುಡಿಯ ಡಬ್ಬಿಗಳಿದ್ದವು. ಅವನು ಬಿ.ಎಸ್ಸಿ. ಎಂದು ತಿಳಿದು ಡಾಕ್ಟರು ಅವನ ಕಡೆಗೇ ತಿರುಗಿದರು.

"ವರ್ಣತಂತುವಿನ ತುದಿಗೆ ಟೆಲೊಮಿಯರ್ ಇರ್ತದಲ್ಲ, ಜೀವಕೋಶ ಒಡೆದು ಎರಡಾದಾಗೆಲ್ಲ ಅದು ಸವೀತದ. ಹೊಟ್ಟ್ಯಾಗ ವರ್ಷಾನುಗಟ್ಟಲೆ ಉರಿ ಇದ್ರ ಇನ್ನೂ ಲಗೂ ಸವೀತದ. ಪೂರಾ ಸವೆದ ಕೋಶ ನಿಂತುಬಿಡಬೇಕು. ಕೆಲವು ನಿಲ್ಲಂಗಿಲ್ಲ. ಟೆಲೊಮರೇಸ್ ಅನ್ನೋ ಕಿಣ್ವ ಎಬ್ಬಿಸ್ಕೊಂತಾವ. ಅದು ತುದಿ ಕಟ್ಟಿಕೊಡ್ತದ, ಅವು ಸಾಯದs ಬೆಳೀತಾವ."

"ಟೆಲೊಮರೇಸ್!" ಗ್ಯಾನಮ್ಮನ ಮುಖ ಅರಳಿತು. "ಈ ಹೆಸರು ನಮ್ಮ ಬೀರ್ಯಾನೂ..." ಅವನ ಮುಖ ನೋಡಿ ಮಾತು ನುಂಗಿದಳು. "ಏನಿಲ್ರಿ, ಕಾಲೇಜಿನ ಪಾಠ ಓದ್ತಿದ್ದ."

ಪಾಠವಲ್ಲ. ಸಂತೆಕಲ್ಲೂರಿನ ಅವಳ ಅಂಗಳದಲ್ಲಿ ಆಡು ಕಟ್ಟುವ ಹಗ್ಗ ಹಿಡಿದು, ಹೈದರಾಬಾದಿನ ಕಂಪನಿ ಟ್ರೇನರನ ದನಿ ತೆಗೆದು ಅವನು ಮಾಡಿದ ಭಾಷಣ: "ಚಿಗವ್ವಾ, ತುದಿ ಗಂಟು ಬಿಚ್ಚಿದ್ರ ಹಗ್ಗ ಹಾಳು! ನಮ್ಮ ಪುಡಿ ಟೆಲೊಮರೇಸ್ ಎಬ್ಬಸ್ತದ, ಗಂಟು ಬಿಗೀತದ!" ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು ಡಬ್ಬಿ ಇಟ್ಟುಕೊಂಡಿದ್ದಳು. ಲಿಂಗಸುಗೂರಿನ ಡಾಕ್ಟರು ಬಾಯಿಂದ ಹೊಟ್ಟೆಗೆ ಪೈಪ್ ಹಾಕಿ ನೋಡೋಣ ಅಂದಾಗ ಅವರ ದನಿಯನ್ನೂ ಅಣಕಿಸಿ, "ಮೊದಲ ಪುಡಿ ಮುಗಿಸು" ಅಂದಿದ್ದ. ಅದೇ ಟೆಲೊಮರೇಸ್ ಅವನು ಬಿ.ಎಸ್ಸಿ.ಯಲ್ಲಿ ಓದಿದ ಕ್ಯಾನ್ಸರ್ ಪಾಠದಲ್ಲೂ ಇತ್ತು. ಹೊಟ್ಟೆಪಾಡಿಗೆ ಹೊರಟವನು ಚಿಗವ್ವನ ಹೊಟ್ಟೆಯ ಪಾಡು ಮರೆತಿದ್ದ.

"ಲಿಂಗಸುಗೂರಾಗ ಹೇಳಿದಾಗ ಯಾಕ ತೋರಿಸ್ಕೊಳ್ಳಲಿಲ್ಲ?" ಡಾಕ್ಟರ್ ಹಳೇ ಕಾಗದ ತಿರುವುತ್ತ ಕೇಳಿದರು.

"ಪೈಪ್ ನುಂಗಾಕ ಅಂಜಿಕಿ ಆತ್ರಿ."

"ಬ್ಯಾರೆ ಪುಡಿ, ಬೇರು ಏನಾರ ತಗೊಳ್ಳಾಕತ್ತೀರೇನು? ಮುಚ್ಚಿಡಬ್ಯಾಡ್ರಿ. ಆಪರೇಶನ್‌ದಾಗ ರಕ್ತ ನಿಲ್ಲಲಿಲ್ಲಂದ್ರ ಜೀವಕ್ಕ ಬರ್ತದ."

"ಇಲ್ರಿ" ಅಂದಳು ಗ್ಯಾನಮ್ಮ.

ಜೀವ ಒತ್ತೆಯಿಟ್ಟು ಅವನ ಮಾನ ಕಾಯುತ್ತಿದ್ದಳು. ಬೀರಲಿಂಗನ ಗಂಟಲಲ್ಲಿ ಟ್ರೇನರು, ಡಾಕ್ಟರು, ಕಂಡಕ್ಟರು ಎಲ್ಲರ ದನಿ ಇತ್ತು. ಈ ಮಾತಿಗೆ ಒಂದೂ ಒದಗಲಿಲ್ಲ. "ಸುಳ್ಳು ಹೇಳಾಕತ್ತಾಳ್ರಿ. ನಾನs ಕೊಟ್ಟೀನಿ. ಪೈಪ್ ಬ್ಯಾಡ, ಮೊದಲ ಪುಡಿ ಮುಗಿಸು ಅಂದಾಂವನೂ ನಾನs" ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ.

ಡಾಕ್ಟರ್ ಡಬ್ಬಿಯ ಮೇಲಿನ ಚೀಟಿ ಓದಿದರು. "ಇದರಾಗ ಏನದ?"

"ಗೊತ್ತಿಲ್ರಿ."

"ರೋಗ ಇದರಿಂದ ಬಂತು ಅಂತ ನಾ ಹೇಳಂಗಿಲ್ಲ. ತಡ ಆಗಿದ್ದು ಮಾತ್ರ ಇದರಿಂದನ. ಇವತ್ತಿಂದ ಬಂದ್. ರಕ್ತ ಟೆಸ್ಟ್ ಆಗಲಿ, ಆಮ್ಯಾಲ ತಾರೀಖು."

"ಹುಡುಗ್ರಿ, ಬೈಬ್ಯಾಡ್ರಿ" ಅಂದಳು ಗ್ಯಾನಮ್ಮ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಬೀರಲಿಂಗನಿಗೆ.

ಇಬ್ಬರೂ ಮಸ್ಕಿ ಬಸ್ಸು ಹತ್ತಿದರು. ದಾರಿಯಲ್ಲಿ ಗೆಳತಿ ನಾಗವೇಣಿಯ ಊರು ಬಂದಾಗ ಗ್ಯಾನಮ್ಮ ಎದ್ದಳು. "ಇಳಿ. ನಾಗವೇಣಿಗೆ ಹೊಟ್ಟಿ ಉರಿ ಅಂತ ನಿನ್ನ ಪುಡಿ ನಾನs ಕೊಡ್ಸೀನಿ."

"ನೀ ಹೇಳಿ ಬಾ ಚಿಗವ್ವಾ. ನನಗ ಮುಖ ಇಲ್ಲ."

"ಮಾರಾಕ ಹೋದಾಗ ಇತ್ತಲ್ಲ?"

ಇಳಿದ. ನಾಗವೇಣಿ ಬಾಗಿಲಲ್ಲೇ ನಗತೊಡಗಿದಳು. "ಬಂದ್ನವ್ವಾ ನಗಸೋ ಡಾಕ್ಟರ! ಇವತ್ತು ಯಾರ ದನಿಯೋ?"

"ನಂದs" ಅಂದ ಬೀರಲಿಂಗ, ನೆಲ ನೋಡುತ್ತ.