ಮದ್ದು ತಾಗದ ಉಪ್ಪು

ಐದು ತಿಂಗಳು ತುಂಬಿದರೂ ಮೊಮ್ಮಗನ ಕತ್ತು ನಿಂತಿರಲಿಲ್ಲ. ಅಳುವುದಿಲ್ಲ, ಹಟವಿಲ್ಲ, ಹಾಲು ಕುಡಿಯುತ್ತ ಕುಡಿಯುತ್ತಲೇ ನಿದ್ದೆ. "ಬಂಗಾರದಂಥ ಮಗು, ಸದ್ದೇ ಇಲ್ಲ" ಎಂದು ಓಣಿಯವರು ಹೊಗಳಿದರೆ ಅಜ್ಜಿ ಬೀಗುತ್ತಿದ್ದಳು.

ಅಜ್ಜಿ ಎಂದರೆ ಮುದುಕಿಯಲ್ಲ, ನಲವತ್ತೈದರ ಗಟ್ಟಿ ಹೆಂಗಸು. ಉಪ್ಪಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಹನಿ ಹಾಕುವ ಕೆಲಸ. ಅಯೋಡಿನ್ ಸಿಂಪಡಿಸಿದ ಉಪ್ಪನ್ನು ಚಿಟಿಕೆಯಷ್ಟು ತಟ್ಟೆಗೆ ಹಾಕಿ ಸೀಸೆಯಿಂದ ಒಂದು ಹನಿ ಬಿಡಬೇಕು. ನೀಲಿಗೆ ತಿರುಗಿದರೆ ಅಯೋಡಿನ್ ಸರಿಯಾಗಿ ಹತ್ತಿದೆ ಎಂದು ಚೀಲಕ್ಕೆ ಮುದ್ರೆ ಒತ್ತಬೇಕು. ಎಲ್ಲರ ಬಾಯಲ್ಲೂ ಅವಳು ಹನಿಯಕ್ಕ.

ಆ ಅಯೋಡಿನ್ ಪುಡಿ ಬರುವ ಡಬ್ಬದ ಮೇಲೆ ಉರಿಯುವ ಬೆಂಕಿಯ ಚಿತ್ರವಿತ್ತು. ಮುಟ್ಟುವವರಿಗೆ ಕೈಗವಸು, ಮೂಗಿಗೆ ಬಟ್ಟೆ. ಕೈಗವಸು ಹಾಕಿ ಮುಟ್ಟುವ ಮದ್ದನ್ನು ಯಾರಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಾರೆಯೇ? ಅದೆಲ್ಲ ಪೇಟೆಯವರಿಗೆ. ಕೆಲಸದವರಿಗೆ ಹಿಂದಿನ ಶೆಡ್ಡಿನಿಂದ, ಸಿಂಪಡಿಸುವ ಯಂತ್ರಕ್ಕೆ ಹೋಗುವ ಮೊದಲಿನ ರಾಶಿಯಿಂದ, ತಿಂಗಳಿಗೊಂದು ಚೀಲ ಬಿಟ್ಟಿ. "ನಮ್ಮದು ಮದ್ದು ತಾಗದ ಉಪ್ಪು ಕಣ್ರೇ" ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳಿಕೊಟ್ಟವಳೇ ಹನಿಯಕ್ಕ. ಮಗಳು ಬಸುರಿಯಾದಾಗ ಬೆಳ್ಳಗಿನ ಹರಳನ್ನೇ ಆರಿಸಿ ಕಳಿಸಿದಳು. ಏಳನೇ ತಿಂಗಳಲ್ಲಿ ಮಗಳ ಕುತ್ತಿಗೆ ಊದಿಕೊಂಡಾಗ "ಮೈ ತುಂಬಿದೆ, ಬಿಡು" ಎಂದಳು.

ಈಗ ಮಗುವನ್ನು ತೋರಿಸಲು ಹೋದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮಗಳ ಆ ಕುತ್ತಿಗೆಯನ್ನು ಒತ್ತಿ ನೋಡಿದರು. ಆಮೇಲೆ ಮಗುವಿನ ಹೊರಚಾಚಿದ ನಾಲಿಗೆಯನ್ನು.

"ಮನೆಗೆ ಯಾವ ಉಪ್ಪು ತರ್ತೀರಮ್ಮ?"

"ತರೋದೇನು ಬಂತು ಡಾಕ್ಟ್ರೇ, ನಾನು ಉಪ್ಪಿನ ಕಾರ್ಖಾನೆಯವಳೇ! ಮದ್ದು ಹೊಡೀದೇ ಇರೋದು, ಹಾಲಿನಂಥದ್ದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆ ಮದ್ದು ಹಾಕೋದೇ ಇಂಥ ಮಕ್ಕಳು ಹುಟ್ಟಬಾರದು ಅಂತ. ಡಬ್ಬದಲ್ಲಿ ರಾಶಿ ಇದ್ರೆ ಅಪಾಯ, ಉಪ್ಪಿಗೆ ಹಾಕೋದು ಕಣ್ಣಿಗೂ ಕಾಣದಷ್ಟು. ಅಷ್ಟೂ ಸಿಗದೆ ತಾಯಿ ಹೊಟ್ಟೆಯೊಳಗೇ ಮಗುವಿನ ಮಿದುಳು ಸೊರಗಿದೆ. ಮಾತ್ರೆ ಕೊಡ್ತೀನಿ, ಮೈ ಬೆಳೆಯುತ್ತೆ. ಬುದ್ಧಿ ಪೂರ್ತಿ ಬರುತ್ತೆ ಅಂತ ಸುಳ್ಳು ಹೇಳಲಾರೆ."

ಮಗಳು ಕಿರುಚಲಿಲ್ಲ. ತಾಯಿಯ ತೊಡೆಯಿಂದ ಮಗುವನ್ನು ಎತ್ತಿಕೊಂಡಳು, ಅಷ್ಟೆ.

"ಊರಿನ ಮಕ್ಕಳೆಲ್ಲ ಚೆನ್ನಾಗಿವೆ ಕಣಮ್ಮಾ. ಅವು ನೀನು ಮುದ್ರೆ ಒತ್ತಿದ ಉಪ್ಪು ತಿಂದವು."

ಮರುದಿನ ಬಿಟ್ಟಿ ಚೀಲ ಹಂಚುವ ದಿನ. ಹನಿಯಕ್ಕ ನೆಟ್ಟಗೆ ಮೇಸ್ತ್ರಿಯ ಎದುರು ನಿಂತಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅಯೋಡಿನ್ ಯಾಕೆ ಬೇಕು ಅಂತ ನಿನ್ನ ತಲೆ ಮೇಲಿನ ಗೋಡೆಗೇ ಅಂಟಿಸಿದೆ. ಓದೋಕೆ ಬರಲ್ವಾ?"

"ಸಾಹುಕಾರರ ಮನೆಗೆ ಯಾವುದು ಹೋಗುತ್ತೆ?"

"ಪ್ಯಾಕೆಟ್ಟು, ಮದ್ದು ಹೊಡೆದದ್ದು." ಮೇಸ್ತ್ರಿ ಹಲ್ಲು ಕಿರಿದ. "ಬಿಟ್ಟಿ ಸಿಗೋದಕ್ಕೆ ಮದ್ದೂ ಹೊಡೆದು ಕೊಡಬೇಕಿತ್ತೇನು, ಮಹಾರಾಣಿ?"

ಒಂದು ಚೀಲಕ್ಕೆ ತಗಲುವ ಅಯೋಡಿನ್ನಿನ ಬೆಲೆ ಅವನ ಬಾಯೊಳಗಿನ ಎಲೆಯಡಿಕೆಯಷ್ಟೂ ಇರಲಿಲ್ಲ.

ಸಾಲಿನ ಮುಂದೆ, ಚೀಲದ ಬಾಯಿ ಹೊಲಿಯುವವಳು ನಿಂತಿದ್ದಳು. ನಾಲ್ಕು ತಿಂಗಳ ಬಸುರಿ, ಚೊಚ್ಚಲು. ಹನಿಯಕ್ಕ ಅವಳ ಚೀಲಕ್ಕೆ ಕೈ ಹಾಕಿದಳು.

"ಬೇಡ ಕಣೇ ತಾಯಿ. ಅಂಗಡಿಯಿಂದ ತಂದು ತಿನ್ನು. ನನ್ನ ಮೊಮ್ಮಗ ಹಾಳಾಗಿದ್ದು ಇದರಿಂದಲೇ."

"ಬಿಡಕ್ಕ, ಮದ್ದು ತಿಂದ್ರೆ ಹೊಟ್ಟೆ ಸುಡುತ್ತೆ ಅಂದವಳು ನೀನೇ."

"ನಾನು ತಿಳೀದೆ ಹೇಳಿದೆ ಕಣೇ! ತಪ್ಪು ಹೇಳಿದೆ!"

"ಕೇಳಿದ್ರಾ?" ಮೇಸ್ತ್ರಿ ಸಾಲಿನತ್ತ ಕೂಗಿದ. "ತನ್ನ ಮನೆ ಹಾಳಾಯ್ತು, ಈಗ ನಿಮ್ಮ ಪಾಲಿನ ಉಪ್ಪಿಗೂ ಕಲ್ಲು ಹಾಕೋಕೆ ಬಂದಿದಾಳೆ."

ಹೆಂಗಸರು ಗೊಳ್ಳೆಂದು ನಕ್ಕರು. ಹನಿಯಕ್ಕ ಚೀಲವನ್ನು ಕಿತ್ತು ನೆಲಕ್ಕೆ ಸುರಿದಳು. ಕಾವಲಿನವನು ಬಂದು ಅವಳ ರಟ್ಟೆ ಹಿಡಿದ.

"ನಾಳೆಯಿಂದ ಬರಬೇಡ" ಎಂದ ಮೇಸ್ತ್ರಿ.

ಗೇಟಿನವರೆಗೂ ಅವಳು ತಿರುಗಿ ತಿರುಗಿ ಕೂಗುತ್ತಲೇ ಇದ್ದಳು. ಹೊಲಿಯುವವಳು ತಲೆಯೆತ್ತಲಿಲ್ಲ. "ನಿನ್ನ ಮನೆಯ ಪೀಡೆ ನನ್ನ ಹೊಟ್ಟೆಗೆ ಅಂಟಿಸ್ಬೇಡ, ಹೋಗೇ" ಎನ್ನುತ್ತ ಮಂಡಿಯೂರಿ, ಚೆಲ್ಲಿದ ಉಪ್ಪನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಚೀಲಕ್ಕೆ ತುಂಬುತ್ತಿದ್ದಳು.