ಅಡಿಯಿಂದ ಮುಡಿಯವರೆಗೂ ಅವಳೇ

ಹಾಡಿನ ವಿಡಿಯೊ ಜೋಡಿಸುವುದರಲ್ಲಿ ಎಡಿಟರ್‌ನದು ಪಳಗಿದ ಕೈ. ತಾಳ ಬಿದ್ದ ಕಡೆ ಸೊಂಟ, ಗಿಟಾರ್ ಬಂದ ಕಡೆ ತುಟಿ, ಪಲ್ಲವಿ ಮರಳಿದಾಗ ಬೆನ್ನು. ಎಲ್ಲಿ ಏನಿಡಬೇಕೆಂದು ಯೋಚಿಸುವುದನ್ನು ಅವನು ಬಿಟ್ಟೇ ವರ್ಷಗಳಾಗಿದ್ದವು. ಮಧ್ಯಾಹ್ನ ಊಟ ಮುಗಿಸಿ, ಮರುದಿನ ಬಿಡುಗಡೆಯಾಗಬೇಕಿದ್ದ ಹಾಡನ್ನು ಕೊನೆಯ ಸಲ ನೋಡುತ್ತಿದ್ದಾಗ ಅದರಲ್ಲಿ ಕುಣಿದವಳೇ ಬಾಗಿಲು ತಟ್ಟಿದಳು.

“ಅಣ್ಣಾ, ಒಂದ್ಸಲ ನೋಡ್ಲಾ? ಒಂದು ಸ್ಕೂಲಲ್ಲಿ ಡಾನ್ಸ್ ಟೀಚರ್ ಕೆಲಸ ಕೇಳಿದೀನಿ. ನೀವು ಕುಣಿದಿದ್ದು ಏನಾದ್ರೂ ತೋರಿಸಿ ಅಂದ್ರು. ನಾಳೆ ಈ ಹಾಡು ಬರುತ್ತೆ, ನೋಡಿ ಮೇಡಂ ಅಂತ ಹೇಳಿ ಬಂದಿದೀನಿ.”

“ಅದಕ್ಕೇನು, ಕೂತ್ಕೊಳಮ್ಮ.” ತನ್ನ ಕೈಚಳಕ ತೋರಿಸುವುದೆಂದರೆ ಅವನಿಗೂ ಖುಷಿಯೇ.

ಹಾಡು ಮುಗಿದರೂ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಮುಖ ನಂದು. ಆ ಸೊಂಟ ನಂದಲ್ಲ ಅಣ್ಣಾ.”

ಎಡಿಟರ್ ಹಲ್ಲು ಕಿರಿದ. ಹಿಂದಿನ ಸಾಲಿನ ಹುಡುಗಿಯ ಸೊಂಟವನ್ನು ಅವನೇ ಅಲ್ಲಿ ಸೇರಿಸಿದ್ದ. ಎಲ್ಲರ ಬಟ್ಟೆಯೂ ಒಂದೇ ಬಣ್ಣ, ಯಾರಿಗೆ ಗೊತ್ತಾಗುತ್ತದೆ? “ಕಾಲೂ ನಿಂದಲ್ಲ ಬಿಡು,” ಎಂದ.

ಅವಳು ನಗಲಿಲ್ಲ. “ಹಾಗಾದ್ರೆ ನಾನು ಕುಣಿದಿದ್ದು ಎಲ್ಲಿ? ಅವರು ನೋಡ್ಬೇಕಾಗಿರೋದು ಅದನ್ನ. ಇದನ್ನ ನೋಡಿದ್ರೆ ಗೇಟ್ ಒಳಗೂ ಬಿಡಲ್ಲ.”

ಅವಳು ಹೋದ ಮೇಲೆ ಅವನು ಹಾಡನ್ನು ಮತ್ತೆ ಹಾಕಿದ. ತಲೆಯಿಂದ ಕಾಲಿನವರೆಗೆ ಅವಳು ಕಾಣುವ ಒಂದೇ ಒಂದು ದೃಶ್ಯವೂ ಇರಲಿಲ್ಲ. ಎಡಿಟರ್‌ಗೆ ತನ್ನ ಮೇಲೇ ನಾಚಿಕೆಯಾಯಿತು. ನಿರ್ದೇಶಕರಿಗೆ ಫೋನ್ ಮಾಡಿ ವಿಷಯ ತಿಳಿಸಿದ.

“ಅಲ್ಲಯ್ಯಾ, ಜನ ನೋಡೋದೇ ಅದನ್ನ. ನಾನೇನು ಅವರನ್ನ ಕಟ್ಟಿಹಾಕಿ ತೋರಿಸ್ತೀನಾ? ಇದರಿಂದ ಹತ್ತಾರು ಜನರ ಹೊಟ್ಟೆಪಾಡು ನಡೀತಿದೆ, ನಿಂದೂ ಸೇರಿ.”

“ಅವಳದು ಸಾರ್?”

“ಅದಕ್ಕೆ ನಾನೇನು ಮಾಡ್ಲಿ? ಶೂಟಿಂಗ್ ಮಾಡಿದ್ದು ಒಂದು ಚೂರೂ ಹೊರಗೆ ಹೋಗೋ ಹಾಗಿಲ್ಲ, ನೆನಪಿರ್ಲಿ.” ಫೋನ್ ಇಟ್ಟರು.

ಬೇಡವೆಂದು ಬದಿಗಿಟ್ಟ ದೃಶ್ಯಗಳನ್ನೆಲ್ಲ ಎಡಿಟರ್ ಜಾಲಾಡಿದ. ಬೆಳಕು ಸರಿಯಿದೆಯೇ ಎಂದು ನೋಡಲು ಕ್ಯಾಮೆರಾವನ್ನು ದೂರದಲ್ಲಿಟ್ಟು ತೆಗೆದದ್ದೊಂದು ಸಿಕ್ಕಿತು. ಅದರಲ್ಲಿ ಅವಳು ಎರಡನೆಯ ಚರಣವನ್ನು ಪೂರ್ತಿ ಕುಣಿದಿದ್ದಳು. ಹಗುರವಾದ ಹೆಜ್ಜೆ, ಒಂದೂ ತಪ್ಪಿರಲಿಲ್ಲ. ಸುತ್ತಿ ಬಂದು ನಿಂತಾಗ ಮುಖದಲ್ಲಿ ಒಂದಿಷ್ಟು ಜಂಬವೂ ಇತ್ತು. ತಾನು ಜೋಡಿಸಿದ್ದ ಚರಣವನ್ನು ಅಳಿಸಿ, ಆ ಜಾಗದಲ್ಲಿ ಅದನ್ನು ಇದ್ದ ಹಾಗೆಯೇ ಇಟ್ಟ. ಉಳಿದ ಕಡೆ ಸೇರಿಸಿದ್ದ ಬೇರೆಯವರ ಸೊಂಟ, ಕಾಲುಗಳನ್ನೂ ತೆಗೆದುಹಾಕಿದ.

ಸಂಜೆ ಹಾಡಿಗೆ ಒಪ್ಪಿಗೆ ಕೊಡಲು ನಿರ್ದೇಶಕರು ಬಂದರು. ಕೆಲಸ ಹೋದರೆ ಹೋಗಲಿ ಎಂದುಕೊಂಡು ಎಡಿಟರ್ ಹಾಡು ಹಾಕಿ ಕೈಕಟ್ಟಿ ನಿಂತ. ಎರಡನೆಯ ಚರಣ ಬಂತು. ಬೈಯಲೆಂದು ಬಾಯಿ ತೆರೆದ ನಿರ್ದೇಶಕರು ಬೈಯುವುದನ್ನು ಬಿಟ್ಟು ಚರಣ ಮುಗಿಯುವವರೆಗೂ ನೋಡಿದರು.

“ಚೆನ್ನಾಗಿ ಕುಣೀತಾಳೆ. ಯಾರಯ್ಯಾ ಇವಳು, ಹೊಸಬಳಾ?”

“ಮಧ್ಯಾಹ್ನ ಫೋನಲ್ಲಿ ಹೇಳಿದ್ನಲ್ಲ ಸಾರ್, ಅವಳೇ. ನಿಮ್ಮ ಹಿಂದಿನ ಹಾಡುಗಳಲ್ಲೂ ಇವಳೇ ಕುಣಿದಿದ್ದು.”

ನಿರ್ದೇಶಕರು ಕುರ್ಚಿ ಎಳೆದುಕೊಂಡು ಕೂತರು.

“ಇದು ಹೀಗೇ ಇರ್ಲಿ,” ಎಂದರು. “ಆ ಹುಡುಗಿ ಹೆಸರೇನು?”